ಥೂ ಅಂದರೆ ಬರುವ ಕೋಳಿ

ಜೂನ್ ೩

ತಮ್ಮಾ,

ನಾನಿಲ್ಲಿ ಕ್ಷೇಮ ಅಂತ ಶುರು ಮಾಡಲು ಕೈ ಬರುತ್ತಿಲ್ಲ. ಈ ಕಾಗದ ಬರೆಯೋಣ ಅಂತ ನಿನ್ನ ಊಟದ ಮನೆಯ ಕುರ್ಚಿ ಎಳೆದು ಕೂತೆ. ಕೂತ ಮೇಲೆ ಗೊತ್ತಾಯಿತು ಯಾವುದರ ಮೇಲೆ ಕೂತಿದ್ದೇನೆ ಅಂತ. ಎದ್ದು, ಬಟ್ಟೆ ಬದಲಿಸಿ, ಕುರ್ಚಿಗೆ ಎರಡು ಕೊಡ ಕುದಿನೀರು ಸುರಿದು, ಮೇಲೊಂದು ಹಳೇ ಪೇಪರ್ ಹಾಸಿ ಈಗ ಮತ್ತೆ ಕೂತಿದ್ದೇನೆ. ಥೂ! ಕೋಳಿ ಹಿಕ್ಕೆ, ಅದೂ ಊಟದ ಕುರ್ಚಿಯ ಮೇಲೆ!

ನೀನು ಹೊರಡುವಾಗ ಏನು ಹೇಳಿದೆ? "ನಾಲ್ಕು ಕೋಳಿ, ಒಂದು ಮುದಿ ನಾಯಿ, ಒಂದು ಬೆಕ್ಕು, ಅಷ್ಟೇ ಅಕ್ಕ. ಅವುಗಳ ಪಾಡಿಗೆ ಅವು ಇರ್ತವೆ" ಅಂದೆ. ಅವುಗಳ ಪಾಡಿಗೆ ಅವು ಎಲ್ಲಿವೆಯಪ್ಪಾ? ನನ್ನ ಪಾಡಿಗೆ ನನ್ನನ್ನು ಬಿಡುತ್ತಿಲ್ಲ. ಹಿತ್ತಿಲ ಬಾಗಿಲು ತೆಗೆದರೆ ಅಡುಗೆಮನೆಗೆ, ಅಡುಗೆಮನೆಯಿಂದ ಓಡಿಸಿದರೆ ಹಾಸಿಗೆಗೆ. ನಿನ್ನ ದಿಂಬಿನ ಕೆಳಗೆ ಒಂದು ಮೊಟ್ಟೆ ಸಿಕ್ಕಿತು. ಎಷ್ಟು ದಿನದ್ದೋ, ಮುಟ್ಟಿದರೆ ಒಡೆದುಹೋಯಿತು. ಆ ವಾಸನೆ ಇನ್ನೂ ಮೂಗಿನಲ್ಲೇ ಇದೆ.

ಮೂಲೆಯ ಕೋಳಿ ಅಂಗಡಿಯವನು ಬೇಲಿಯಾಚೆ ನಿಂತು ನಾಲ್ಕನ್ನೂ ಕಣ್ಣಲ್ಲೇ ತೂಕ ಹಾಕಿಕೊಂಡು ಹೋದ. "ಬೇಡ ಅನ್ಸಿದ್ರೆ ಹೇಳೀಮ್ಮ" ಅಂದ. ನನಗಂತೂ ಈಗಲೇ ಬೇಡ ಅನ್ನಿಸಿದೆ. ಕೆಲಸದಿಂದ ನಿವೃತ್ತಿಯಾಗಿ ಆಸ್ಪತ್ರೆಯ ಕ್ವಾರ್ಟರ್ಸ್ ಬಿಟ್ಟು ಬಂದೆ, ನಿನ್ನ ಮನೆ ಕಾಯೋಣ ಅಂತ ಬಂದೆ, ಕೋಳಿಯ ಹಿಂಭಾಗ ಕಾಯೋಣ ಅಂತ ಅಲ್ಲ.

ನಿನ್ನ ಸುರಂಗದ ಕ್ಯಾಂಪಿನಲ್ಲಿ ಫೋನ್ ಹತ್ತುವುದಿಲ್ಲ, ವಾರಕ್ಕೊಮ್ಮೆ ಟಪಾಲಿನ ಜೀಪು ಬರುತ್ತದೆ ಅಂದೆಯಲ್ಲ, ಒಳ್ಳೆಯದೇ ಆಯಿತು. ಫೋನಿನಲ್ಲಿ ಬೈದರೆ ಇಟ್ಟುಬಿಡುತ್ತೀಯ. ಕಾಗದದಲ್ಲಿ ಬೈದರೆ ಕೊನೆಯವರೆಗೂ ಓದಲೇಬೇಕು. ವೆಲ್ಡಿಂಗ್ ಮಾಡುವಾಗ ಕಣ್ಣಿಗೆ ಕನ್ನಡಕ ಹಾಕಿಕೋ. ಸೆಪ್ಟೆಂಬರ್ ಕೊನೆಗೆ ಬಂದು ನಿನ್ನ ಸಂಸಾರ ನೀನೇ ನೋಡಿಕೋ.

ನಿನ್ನ ಅಕ್ಕ


ಜೂನ್ ೧೪

ಪ್ರೀತಿಯ ಅಕ್ಕಾ,

ನಿನ್ನ ಬೈಗುಳ ಬಂದು ತಲುಪಿತು. ಬೆಟ್ಟದ ಹೊಟ್ಟೆಯೊಳಗೆ ಇಡೀ ದಿನ ಕಬ್ಬಿಣದ ಕಿಡಿ ನೋಡಿ ಬಂದವನಿಗೆ ಅದೂ ಒಂದು ಸುಖವೇ.

ಅವರನ್ನು ನಿನಗೆ ಸರಿಯಾಗಿ ಪರಿಚಯ ಮಾಡಿಕೊಟ್ಟಿರಲಿಲ್ಲ, ಅದು ನನ್ನ ತಪ್ಪು. ಬೆಳಿಗ್ಗೆ ಎದ್ದ ಕೂಡಲೇ ಬೀದಿಗೆಲ್ಲ ಕೇಳುವಂತೆ ಕಿರುಚುವವಳು ಬಜಾರಿ. ಕತ್ತು ಎತ್ತಿಕೊಂಡು, ಕೆಸರು ಕಂಡರೆ ಸುತ್ತಿ ಹೋಗುವವಳು ದೊರೆಸಾನಿ, ಅವಳಿಗೂ ನಿನಗೂ ಹೊಂದುತ್ತದೆ. ಎಲೆ ಅಲುಗಿದರೂ ಓಡುವವಳು ಪುಕ್ಕಲಿ. ಎಡಗಾಲು ಎಳೆಯುವ ಕಂದು ಬಣ್ಣದವಳು ಕುಂಟಿ. ಮರಿಯಾಗಿದ್ದಾಗ ಬಾಗಿಲಿಗೆ ಸಿಕ್ಕಿ ಕಾಲು ಹಾಗಾಯಿತು. ನಾಯಿಯ ಹೆಸರು ಮುದುಕ, ಬೆಕ್ಕು ಒಕ್ಕಣ್ಣ. ಬಿಸಿಲು ಬಂದಾಗ ಹಿತ್ತಿಲ ಕಟ್ಟೆಯ ಮೇಲೆ ಕೂತು ನೋಡು. ಮುದುಕ ಮಲಗುತ್ತಾನೆ, ಕುಂಟಿ ಅವನ ಬೆನ್ನೇರಿ ಕೂರುತ್ತಾಳೆ, ಒಕ್ಕಣ್ಣ ಪಕ್ಕದಲ್ಲಿ ಬಾಲ ಸುತ್ತಿಕೊಂಡು ಕೂರುತ್ತಾನೆ. ಯಾರಿಗೂ ಯಾರ ಮೇಲೂ ತಕರಾರಿಲ್ಲ. ಅದನ್ನು ನೋಡುತ್ತಾ ಚಹಾ ಕುಡಿದರೆ ಮನಸ್ಸು ಎಷ್ಟು ಹಗುರಾಗುತ್ತದೆ ಗೊತ್ತಾ? ಅಮ್ಮ ಇದ್ದಿದ್ದರೆ ಎಷ್ಟು ಖುಷಿಪಡುತ್ತಿದ್ದಳೋ.

ಆದರೂ ನಿನಗೆ ನಿಜವಾಗಿ ಆಗುವುದಿಲ್ಲ ಅಂದರೆ ಒಂದು ಮಾತು ಬರೆ. ಅಂಗಡಿಯವನಿಗೆ ನಾನೇ ಕಾಗದ ಹಾಕುತ್ತೇನೆ. ನನಗೆ ಹೊಟ್ಟೆ ಉರಿಯುತ್ತದೆ, ಆದರೆ ನಿನಗಿಂತ ಕೋಳಿ ಹೆಚ್ಚಲ್ಲ.

ನಿನ್ನ ತಮ್ಮ


ಜೂನ್ ೨೬

ತಮ್ಮಾ,

ಕೋಳಿಗೆ ಅವಳು ಇವಳು ಅಂತ ಬರೆಯಬೇಡ. ಓದಲು ಒಂಥರಾ ಆಗುತ್ತದೆ. ಕೋಳಿ ಕೋಳಿಯೇ, ಅದು ಅದೇ.

ಮೂವತ್ತೊಂದು ವರ್ಷ ಆಸ್ಪತ್ರೆಯ ಬಟ್ಟೆ ಒಗೆಸಿದವಳು ನಾನು. ರಕ್ತ, ಕೀವು, ವಾಂತಿ, ಹೆರಿಗೆ ವಾರ್ಡಿನ ಚಾದರ, ಏನೇ ಬರಲಿ, ಕಲೆ ನೋಡಿದ ಕೂಡಲೇ ಇದಕ್ಕೆ ತಣ್ಣೀರು, ಇದಕ್ಕೆ ಬಿಸಿನೀರು ಅಂತ ಹೇಳುತ್ತಿದ್ದೆ. ಆದರೆ ಅಲ್ಲಿ ಹೊಲಸು ಗಂಟು ಕಟ್ಟಿಸಿಕೊಂಡು ಬರುತ್ತಿತ್ತು, ಬಾಯ್ಲರಿಗೆ ಹೋಗುತ್ತಿತ್ತು, ಮುಗಿಯಿತು. ಇಲ್ಲಿ ಅದಕ್ಕೆ ಕಾಲಿದೆ. ನನ್ನ ಹಿಂದೆ ಹಿಂದೆಯೇ ಬರುತ್ತದೆ.

ಹೋದ ವಾರ ತಡೆಯಲಾರದೆ ಗೂಡನ್ನೆಲ್ಲ ಕೆರೆದು, ಬ್ಲೀಚಿಂಗ್ ಪುಡಿ ಹಾಕಿ ಆಪರೇಷನ್ ಕೋಣೆಯ ಹಾಗೆ ತೊಳೆದೆ. ನಿನ್ನ ದೊರೆಸಾನಿ ಬಾಗಿಲಲ್ಲಿ ನಿಂತು ಒಮ್ಮೆ ಇಣುಕಿತು, ತಿರುಗಿ ನಡೆಯಿತು. ಉಳಿದವೂ ಅದರ ಹಿಂದೆ. ಮೂರು ದಿನ ಒಂದೂ ಗೂಡು ಹತ್ತಲಿಲ್ಲ. ಎಲ್ಲಿ ಮಲಗಿದವು ಗೊತ್ತಾ? ನಾನು ಇಸ್ತ್ರಿ ಮಾಡಿ ಪೇರಿಸಿಟ್ಟಿದ್ದ ಬಿಳಿ ಚಾದರಗಳ ಮೇಲೆ! ಸಾಲಾಗಿ! ಬೆಳಿಗ್ಗೆ ಆ ಚಾದರ ನೋಡಿ ನನಗೆ ಅಳು ಬಂತು.

ಇನ್ನೊಂದು ವಿಷಯ. ನಿನ್ನ ಮುದುಕ ಹಿಕ್ಕೆ ತಿನ್ನುತ್ತದೆ. ತಿಂದು ನೇರ ಬಂದು ನನ್ನ ಕೈ ನೆಕ್ಕುತ್ತದೆ. ನಿನ್ನ ಒಕ್ಕಣ್ಣ ಅರ್ಧ ಇಲಿ ತಂದು ಹೊಸ್ತಿಲ ಮೇಲಿಟ್ಟಿತು. ಪೊರಕೆ ತರುವಷ್ಟರಲ್ಲಿ ಬಜಾರಿ ಅದನ್ನು ಕಚ್ಚಿಕೊಂಡು ಓಡಿತು. ಉಳಿದ ಮೂರು ಅದರ ಹಿಂದೆ. ಇಲಿಯ ಬಾಲ ಹಿಡಿದು ಎಳೆದಾಡಿದವು, ಹರಿದವು, ನುಂಗಿದವು. ಕೋಳಿ ಇಲಿ ತಿನ್ನುತ್ತದೆ ಅಂತ ನನಗೆ ಈ ವಯಸ್ಸಿನವರೆಗೂ ಯಾರೂ ಹೇಳಿರಲಿಲ್ಲ. ಎರಡು ಹೊತ್ತು ಊಟ ಸೇರಲಿಲ್ಲ. ಇದನ್ನು ನೋಡುತ್ತಾ ನೀನು ಚಹಾ ಕುಡಿಯುತ್ತಿದ್ದೆಯಾ? ನಿನ್ನ ಹೊಟ್ಟೆಗೊಂದು ನಮಸ್ಕಾರ.

ಮೊಟ್ಟೆ ದಿನಕ್ಕೆ ಮೂರು ಬರುತ್ತಿವೆ. ಎಲ್ಲಿಂದ ಬರುತ್ತವೆ ಅಂತ ಕಣ್ಣಾರೆ ಕಂಡ ಮೇಲೆ ನನಗಂತೂ ಗಂಟಲಲ್ಲಿ ಇಳಿಯುವುದಿಲ್ಲ. ಎದುರು ಮನೆಯ ದರ್ಜಿಗೆ ಕೊಟ್ಟುಬಿಡುತ್ತೇನೆ.

ಅಮ್ಮ ಇದ್ದಿದ್ದರೆ ಅಂತ ಬರೆದಿದ್ದೀಯ. ಅಮ್ಮನನ್ನು ಇದರಲ್ಲಿ ಎಳೆಯಬೇಡ.

ನಿನ್ನ ಅಕ್ಕ


ಜುಲೈ ೮

ಅಕ್ಕಾ,

ಇಲ್ಲಿನ ಅಡುಗೆಯವನಿಗೂ ನನ್ನ ಜೊತೆಯ ವೆಲ್ಡರುಗಳಿಗೂ ನಿನ್ನ ಕಾಗದ ಓದಿ ಹೇಳಿದೆ. ಚಾದರದ ಭಾಗಕ್ಕೆ ಬಿದ್ದು ಬಿದ್ದು ನಕ್ಕರು. ಇಲಿಯ ಭಾಗಕ್ಕೆ ಒಬ್ಬ ತಟ್ಟೆ ಬಿಟ್ಟು ಎದ್ದುಹೋದ. ಈಗ ಜೀಪು ಬಂದರೆ ಎಲ್ಲರೂ ತಮ್ಮ ಮನೆ ಕಾಗದಕ್ಕಿಂತ ಮೊದಲು "ನಿಮ್ಮಕ್ಕ ಏನ್ ಬರ್ದಿದಾರೆ?" ಅಂತ ಕೇಳುತ್ತಾರೆ.

ಅಡುಗೆಯವನು ವಯಸ್ಸಾದವನು. ಅವನೊಬ್ಬ ನಗಲಿಲ್ಲ. "ಆಯಮ್ಮನಿಗೆ ನಿಜವಾಗ್ಲೂ ಕಷ್ಟ ಆಗ್ತಿದೆ ಕಣಯ್ಯ" ಅಂದ. ಹೌದಾ ಅಕ್ಕಾ?

ಬಂಡೆ ಗಟ್ಟಿ, ಕೆಲಸ ನಿಧಾನ. ಸೆಪ್ಟೆಂಬರ್ ವಿಚಾರ ಆಮೇಲೆ ಬರೆಯುತ್ತೇನೆ. ಕುಂಟಿ ಹೇಗಿದ್ದಾಳೆ? ಅವಳ ಬಗ್ಗೆ ನೀನು ಏನೂ ಬರೆದಿಲ್ಲ.

ನಿನ್ನ ತಮ್ಮ


ಜುಲೈ ೨೧

ತಮ್ಮಾ,

ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ಇಲ್ಲಿ ಕೈ ಕೆಸರು ನಂದು, ಬಾಯಿ ಮೊಸರು ನಿಂದೂ ನಿನ್ನ ಕ್ಯಾಂಪಿನವರದೂ. ನಕ್ಕರಂತೆ. ನಗಲಿ.

ಕುಂಟಿ ಹೇಗಿದೆ ಅಂತ ಕೇಳಿದೆಯಲ್ಲ, ಕೇಳು. ಕುಂಟನಿಗೆ ಎಂಟು ಚೇಷ್ಟೆಯಾದರೆ ನಿನ್ನ ಕುಂಟಿಗೆ ಹದಿನಾರು. ಹತ್ತು ದಿನದಿಂದ ಅದರ ಹೊಟ್ಟೆ ಕೆಟ್ಟಿದೆ. ಹಿಂಭಾಗದ ಪುಕ್ಕವೆಲ್ಲ ಹಿಕ್ಕೆ ಮೆತ್ತಿಕೊಂಡು ಗಟ್ಟಿಯಾಗಿ, ಮೇಲೆ ಬಿಳಿ ಲೋಳೆ, ಅದರ ಮೇಲೆ ನೊಣ. ಆ ನಾತಕ್ಕೆ ಏನು ಹೆಸರಿಡಲಿ? ಹುಳಿ ಹಾಲಿಗೆ ಕೊಳೆತ ಹೆಣದ ವಾಸನೆ ಬೆರೆತ ಹಾಗೆ. ನಾನು ಆಸ್ಪತ್ರೆಯಲ್ಲೂ ಇಂಥದ್ದು ಮೂಸಿಲ್ಲ.

ಬಿಟ್ಟರೆ ಹುಳ ಬೀಳುತ್ತದೆ ಅಂದ ಜಾನುವಾರು ಡಾಕ್ಟರ್. ಪುಡಿ ಕೊಟ್ಟ, "ದಿನಾ ಎರಡು ಸಲ ತೊಳೀಬೇಕು" ಅಂದ. ಯಾರು ತೊಳೆಯಬೇಕು? ಸುರಂಗದಿಂದ ನೀನು ಬರುತ್ತೀಯಾ? ಮೂಗಿಗೆ ಟವೆಲ್ ಕಟ್ಟಿಕೊಂಡು, ಉಗುರು ಬೆಚ್ಚಗಿನ ನೀರಿನ ಬೇಸಿನ್ನಿನಲ್ಲಿ ಅದನ್ನು ಕೂರಿಸಿ, ಒಂದೊಂದೇ ಪುಕ್ಕ ನೆನೆಸಿ ಬಿಡಿಸಬೇಕು. ಎಳೆದರೆ ಚರ್ಮ ಕಿತ್ತು ಬರುತ್ತದೆ. ಮೊದಲ ದಿನ ಅರ್ಧಕ್ಕೇ ಎದ್ದು ಬಚ್ಚಲಿಗೆ ಓಡಿ ವಾಂತಿ ಮಾಡಿದೆ. ಬಾಯಿ ತೊಳೆದು ಬಂದು ಉಳಿದರ್ಧ ಮುಗಿಸಿದೆ.

ಬೇರೆ ಕೋಳಿಗಳು ಅದನ್ನು ಕುಕ್ಕುತ್ತವೆ. ಅದಕ್ಕೇ ಪ್ರತ್ಯೇಕ ಬುಟ್ಟಿಯಲ್ಲಿ ಇಟ್ಟಿದ್ದೇನೆ. ನಮ್ಮ ಒಗೆಯುವ ವಿಭಾಗದಲ್ಲಿ ಅಂಟುರೋಗದ ವಾರ್ಡಿನ ಗಂಟಿಗೆ ಕೆಂಪು ಪಟ್ಟಿ ಕಟ್ಟುತ್ತಿದ್ದೆವು, ಬೇರೆಯವರು ಮುಟ್ಟಬಾರದು ಅಂತ. ದರ್ಜಿಯ ಹತ್ತಿರ ಒಂದು ತುಂಡು ಕೆಂಪು ಪಟ್ಟಿ ಇಸಿದುಕೊಂಡು ಅದರ ಕಾಲಿಗೂ ಕಟ್ಟಿದ್ದೇನೆ.

ಸಾಕಾಗಿದೆ ನನಗೆ. ಇನ್ನು ನನ್ನ ಕೈಲಾಗದು. ಆ ಅಂಗಡಿಯವನಿಗೆ ಕೊಟ್ಟು ಕೈ ತೊಳೆದುಕೊಳ್ಳುವುದೇ ವಾಸಿ.

ಈ ಕಾಗದವನ್ನೂ ಊಟದ ಹೊತ್ತಿಗೆ ಓದಿ ನಗಿಸು.

ನಿನ್ನ ಅಕ್ಕ


ಆಗಸ್ಟ್ ೧

ಅಕ್ಕಾ,

ಈ ಸಲ ಯಾರಿಗೂ ಓದಿ ಹೇಳಲಿಲ್ಲ. ಅಡುಗೆಯವನು ಹೇಳಿದ್ದೇ ಸರಿ. ನಾನು ನಗುತ್ತಾ ಕೂತೆ, ನೀನು ಅಲ್ಲಿ ವಾಂತಿ ಮಾಡಿಕೊಳ್ಳುತ್ತಿದ್ದೀಯ.

ಅಮ್ಮನನ್ನು ಒಂದೂವರೆ ವರ್ಷ ಹಾಸಿಗೆಯಲ್ಲಿ ನೋಡಿಕೊಂಡವಳು ನೀನು. ನಾನು ಆಗಲೂ ದೂರದಲ್ಲಿ ಇದ್ದೆ, ಚೆನ್ನಾಗಿ ಕಾಗದ ಬರೆಯುತ್ತಿದ್ದೆ. ಈಗ ಮತ್ತೆ ಅದೇ ಕೆಲಸ ನಿನ್ನ ತಲೆಗೆ ಕಟ್ಟಿದೆ. ನನ್ನ ಮೇಲೆ ನನಗೇ ಹೇಸಿಗೆ ಆಗುತ್ತಿದೆ.

ಅದಕ್ಕೇ ಅಂಗಡಿಯವನಿಗೆ ಈ ಟಪಾಲಿನಲ್ಲೇ ಕಾಗದ ಹಾಕಿದ್ದೇನೆ. ಕಾಗದ ಸಿಕ್ಕ ದಿನವೇ ಬಂದು ನಾಲ್ಕನ್ನೂ ತೆಗೆದುಕೊಂಡು ಹೋಗಲಿ, ನಿನ್ನನ್ನು ಏನೂ ಕೇಳಬಾರದು ಅಂತ ಬರೆದಿದ್ದೇನೆ. ನೀನು ಬಾಗಿಲು ತೆಗೆಯುವುದೂ ಬೇಡ, ಹಿತ್ತಿಲ ಗೇಟು ಅವನಿಗೆ ಗೊತ್ತು. ಮುದುಕ, ಒಕ್ಕಣ್ಣ ಹೇಗೋ ಇರುತ್ತಾರೆ.

ಇನ್ನೊಂದು ಮಾತು. ಕೆಲಸ ಮಾರ್ಚ್‌ವರೆಗೆ ಮುಂದುವರಿಸಿದ್ದಾರೆ. ನಾನು ಒಪ್ಪಿ ಸಹಿ ಹಾಕಿ ಮೂರು ವಾರವಾಯಿತು. ನಿನಗೆ ಹೇಳಲು ಧೈರ್ಯ ಬರಲಿಲ್ಲ.

ನಿನ್ನ ತಮ್ಮ


ಆಗಸ್ಟ್ ೪

ತಮ್ಮಾ,

ನಿನ್ನ ಕಾಗದ ಬಂದಿಲ್ಲ, ಆದರೂ ಬರೆಯುತ್ತಿದ್ದೇನೆ. ಇದನ್ನು ಯಾರಿಗೂ ಓದಿ ಹೇಳಬೇಡ.

ಕುಂಟಿ ಚೇತರಿಸಿಕೊಳ್ಳುತ್ತಿದೆ. ವಾಸನೆ ಅರ್ಧ ಕಡಿಮೆಯಾಗಿದೆ, ಉಳಿದರ್ಧಕ್ಕೆ ಇನ್ನೂ ಟವೆಲ್ ಬೇಕು. ನನಗೆ ಅಭ್ಯಾಸ ಆಗಿಬಿಟ್ಟಿದೆ ಅಂದುಕೊಳ್ಳಬೇಡ. ಪ್ರತಿ ಸಲವೂ ಮೊದಲ ದಿನದಷ್ಟೇ ಹೇಸಿಗೆ. ಬೇಸಿನ್ ತಂದಿಟ್ಟು "ಥೂ, ಬಾರೇ ಗಲೀಜು, ಏನ್ ಹಣೆಬರಹ ನಂದು" ಅನ್ನುತ್ತೇನೆ. ಮೊದಲೆಲ್ಲ ಥೂ ಅಂದರೆ ನಾಲ್ಕೂ ದಿಕ್ಕಾಪಾಲಾಗಿ ಓಡುತ್ತಿದ್ದವು. ಈಗ ಮೂರು ಓಡುತ್ತವೆ. ಕುಂಟಿ ಮಾತ್ರ ಕುಂಟುತ್ತಾ ಬಂದು, ಬೇಸಿನ್ನಿನ ಪಕ್ಕ ನನಗೆ ಬೆನ್ನು ಮಾಡಿ ನಿಲ್ಲುತ್ತದೆ. ನೀರಿನಲ್ಲಿ ಕೂರಿಸಿದರೆ ಕಣ್ಣು ಮುಚ್ಚುತ್ತದೆ. ನಾನು ಮೇಲೆ ಮುಖ ಸಿಂಡರಿಸಿಕೊಂಡು ಬೈಯುತ್ತಲೇ ಇರುತ್ತೇನೆ, ಅದು ಕೆಳಗೆ ನಿದ್ದೆ ಹೊಡೆಯುತ್ತಿರುತ್ತದೆ. ಕೋಳಿಗೆ ನನ್ನ ಮುಖ ಓದಲು ಬರುವುದಿಲ್ಲ. ಕೈ ಮಾತ್ರ ಗೊತ್ತಾಗುತ್ತದೆ.

ಅಮ್ಮನಿಗೆ ಮುಖ ಓದಲು ಬರುತ್ತಿತ್ತು.

ನಿನಗೆ ಇದನ್ನು ಯಾವತ್ತೂ ಹೇಳಿರಲಿಲ್ಲ. ಆ ಒಂದೂವರೆ ವರ್ಷ ನಾನು ಎಲ್ಲ ಮಾಡಿದೆ, ಹೌದು. ಊರೆಲ್ಲ ಹೊಗಳಿತು. ಆದರೆ ಬಟ್ಟೆ ಬದಲಿಸುವಾಗ ನನ್ನ ಮುಖ ಹೇಗಿರುತ್ತಿತ್ತು ಅಂತ ನೋಡಿದ್ದು ಅಮ್ಮ ಒಬ್ಬಳೇ. ನನಗೆ ಹೇಸಿಗೆ ಆಗುತ್ತಿತ್ತು ಕಣೋ. ಹೆತ್ತ ತಾಯಿ ಅಂತ ಗೊತ್ತಿದ್ದರೂ ಆಗುತ್ತಿತ್ತು. ಬಾಯಲ್ಲಿ ಥೂ ಅಂತ ಬಂದೇಬಿಡುತ್ತಿತ್ತು. ನಾನು ಹಾಗಂದ ಕೂಡಲೇ ಅವಳು ಗೋಡೆ ಕಡೆ ತಿರುಗಿಕೊಳ್ಳುತ್ತಿದ್ದಳು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆ ಅಂತ ಗೊತ್ತಾಗುತ್ತಿತ್ತು. ನಾನು ಬಾಯಿ ಮುಚ್ಚಿಕೊಂಡು ಕೆಲಸ ಮುಗಿಸಿ ಹೋಗುತ್ತಿದ್ದೆ. ಒಂದು ದಿನವಾದರೂ "ಅಮ್ಮಾ, ಬೇಜಾರು ಮಾಡ್ಕೋಬೇಡ" ಅನ್ನಲಿಲ್ಲ. ಆರು ವರ್ಷವಾಯಿತು, ಆ ಭುಜ ಕಣ್ಣಿಂದ ಹೋಗಿಲ್ಲ.

ಕುಂಟಿಯ ಹಿಂಭಾಗ ತೊಳೆಯುತ್ತಾ ಇದೆಲ್ಲ ನೆನಪಾಗುವುದು ಎಂಥ ಅಸಹ್ಯ ನೋಡು.

ಹೋದ ಸಲ ಕೋಪದಲ್ಲಿ ಅಂಗಡಿಯವನಿಗೆ ಕೊಡೋಣ ಅಂತ ಬರೆದೆ. ಅದೇನೂ ಬೇಡ. ಕುಂಟಿ ಪೂರ್ತಿ ಗುಣವಾಗುವವರೆಗಂತೂ ಬೇಡ. ಆಮೇಲೆ ನೋಡೋಣ. ನಾನು ಬೈಯುವುದು ನಿನಗೆ ಹೊಸದಲ್ಲವಲ್ಲ.

ನಿನ್ನ ಅಕ್ಕ


ಆಗಸ್ಟ್ ೧೩

ಲೋ,

ಒಂದೇ ಟಪಾಲಿನಲ್ಲಿ ಎರಡು ಕಾಗದ ಹಾಕಿದವನೇ, ಕೇಳು. ಪೋಸ್ಟಿನವನು ಮೂಲೆಯಿಂದ ಶುರು ಮಾಡಿ ನಮ್ಮ ಮನೆಗೆ ಕೊನೆಗೆ ಬರುತ್ತಾನೆ ಅನ್ನುವುದು ಈ ಮನೆಯಲ್ಲಿ ಹನ್ನೆರಡು ವರ್ಷ ಬಾಳಿದ ನಿನಗೆ ಹೊಳೆಯಲಿಲ್ಲವಾ?

ಬೆಳಿಗ್ಗೆ ಆಸ್ಪತ್ರೆಯಿಂದ ಕರೆ ಬಂದಿತ್ತು, ಹೊಸ ಮೇಲ್ವಿಚಾರಕಿಗೆ ಹಳೇ ಬಾಯ್ಲರ್ ಪಳಗಿಲ್ಲ, ಒಮ್ಮೆ ಬಂದು ತೋರಿಸಿ ಅಂತ. ಕುಂಟಿಯನ್ನು ತೊಳೆದು, ಬಿಸಿಲಿಗೆ ಬುಟ್ಟಿಯಲ್ಲಿಟ್ಟು ಹೋದೆ. ವಾಪಸ್ ಬಂದಾಗ ಹಿತ್ತಿಲ ಗೇಟು ತೆರೆದಿತ್ತು. ಬಜಾರಿ ಸೂರಿನ ಮೇಲೆ, ದೊರೆಸಾನಿ ನೀರಿನ ಟ್ಯಾಂಕಿನ ಮೇಲೆ, ಪುಕ್ಕಲಿ ಎಲ್ಲಿಯೋ. ಬುಟ್ಟಿ ಖಾಲಿ. ಮುದುಕ ಬುಟ್ಟಿಯ ಪಕ್ಕ ಕೂತು ಅದರೊಳಗೆ ಮೂಗಿಟ್ಟಿತ್ತು.

ದರ್ಜಿ ಕತ್ತರಿ ಹಿಡಿದುಕೊಂಡೇ ಓಡಿಬಂದ. "ಅಂಗಡಿಯವ್ನು ಬಂದಿದ್ನಮ್ಮಾ. ಮೂರು ಸಿಗ್ಲಿಲ್ಲ, ಓಡ್ಲಾರದ್ದನ್ನ ಹಿಡ್ಕೊಂಡು ಹೋದ. ನಿಮ್ಮ ತಮ್ಮಂದೇ ಕಾಗದ ತೋರಿಸ್ದ, ನಾನೇನ್ ಮಾಡ್ಲಿ?" ಅಂದ.

ಓಡಿದೆ. ಈ ಮೊಣಕಾಲು ಇಟ್ಟುಕೊಂಡು ಬೀದಿಯಲ್ಲಿ ಓಡಿದೆ. ಆ ಅಂಗಡಿಯನ್ನು ನೀನು ಹೊರಗಿನಿಂದ ನೋಡಿದ್ದೀಯ. ಒಳಗೆ ಕಾಲಿಟ್ಟರೆ ಚಪ್ಪಲಿ ಅಂಟಿಕೊಳ್ಳುತ್ತದೆ. ನೆಲದ ಮೇಲೆ ಕರುಳು, ರಕ್ತ, ಪುಕ್ಕ ಕಲೆಸಿದ ಕೆಸರು. ಕುದಿನೀರಿನ ಹಂಡೆಯಿಂದ ಒದ್ದೆ ಪುಕ್ಕದ ಹಬೆ. ಮೂಲೆಯಲ್ಲಿ ಆಳೆತ್ತರದ ಪಂಜರ, ಅದರಲ್ಲಿ ಐವತ್ತೋ ಅರವತ್ತೋ ಕೋಳಿ ಒಂದರ ಮೇಲೊಂದು, ಮೇಲಿನದು ಕೆಳಗಿನದರ ತಲೆಯ ಮೇಲೆಯೇ ಹಿಕ್ಕೆ ಹಾಕುತ್ತಾ. ಎಲ್ಲ ಕಂದು. ಕಾಲಿನ ಕೆಂಪು ಪಟ್ಟಿ ಹುಡುಕಿದರೆ ಅರ್ಧ ಕೋಳಿಗಳ ಕಾಲಿಗೆ ಅಂಥದೇ ಕೆಂಪು ಪಟ್ಟಿ! "ಕೆಂಪು ಕಟ್ಟಿದ್ರೆ ನಮ್ಮಲ್ಲಿ ಮಾರಾಟ ಆಗಿದೆ ಅಂತ ಅರ್ಥ ಅಮ್ಮಾ. ನೀವೇ ಆರ್ಸಿ ಕಟ್ಟಿಟ್ಟಿದ್ದೀರಿ ಅಂದ್ಕೊಂಡೆ" ಅಂದ ಅವನು. "ಸಾಯಂಕಾಲ ಹೋಟೆಲಿನವ್ರು ಬರ್ತಾರೆ, ಅಷ್ಟೂ ಅವ್ರಿಗೇ."

"ನನ್ ಕೋಳಿ ಕೊಡು" ಅಂದೆ.

"ಯಾವ್ದು ಅಂತ ಕೊಡ್ಲಿ? ಎಲ್ಲ ಒಂದೇ. ಬೇಕಾದ್ರೆ ಒಳ್ಳೇ ದಪ್ಪದ್ದು ಒಂದು ಕೊಡ್ತೀನಿ ತಗೊಳ್ಳಿ."

ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರಾ ಅನ್ನುವ ಗಾದೆಯನ್ನು ಎಷ್ಟು ಸಲ ಆಡಿದ್ದೇನೋ. ಇನ್ನು ಆಡಲಾರೆ. ಪಂಜರಕ್ಕೆ ಮುಖ ಒಡ್ಡಿದೆ. ಆ ನಾತ ಗಪ್ಪನೆ ಹೊಡೆಯಿತು. ಬೇಕು ಅಂತ ಅಲ್ಲ, ತಡೆಯಲಾರದೆ "ಥೂ!" ಅಂದುಬಿಟ್ಟೆ.

ಆ ರಾಶಿಯೆಲ್ಲ ಬೆಚ್ಚಿ ಹಿಂದಕ್ಕೆ ಸರಿಯಿತು. ಕೆಳಗಿನ ಮೂಲೆಯಲ್ಲಿ ಒಂದು ಮಾತ್ರ ಮುಂದಕ್ಕೆ ಬಂತು. ಬೇರೆಯವುಗಳ ಕಾಲಡಿಯಿಂದ ನುಸುಳಿ ಬಂದು, ಕಂಬಿಯ ಹತ್ತಿರ, ನನಗೆ ಬೆನ್ನು ಮಾಡಿ ನಿಂತಿತು. ಆ ಇಡೀ ಪಂಜರದಲ್ಲಿ ಹಿಂಭಾಗ ಚೊಕ್ಕಟವಾಗಿದ್ದ ಕೋಳಿ ಅದೊಂದೇ.

ಪಂಜರದ ಬಾಗಿಲು ತೆಗೆದು, ಭುಜದವರೆಗೆ ಕೈ ಹಾಕಿ ಎಳೆದುಕೊಂಡೆ. ಅವನು ಏನೋ ಅಂದ, ಕೇಳಿಸಲಿಲ್ಲ. ಸೆರಗಿನಲ್ಲಿ ಸುತ್ತಿಕೊಂಡು ನಡೆದೆ. ದಾರಿಯುದ್ದಕ್ಕೂ ಅವಳ ಎದೆ ನನ್ನ ಕೈಯಲ್ಲಿ ಡಬಡಬ ಅನ್ನುತ್ತಿತ್ತು. ಮನೆ ಬಾಗಿಲಲ್ಲಿ ನಿನ್ನ ಕಾಗದ ಬಿದ್ದಿತ್ತು.

ಓದಿದೆ. ನನ್ನ ಕೋಪದ ಮಾತನ್ನೇ ಹಿಡಿದುಕೊಂಡೆಯಲ್ಲೋ. ನಾನು ವಾಂತಿ ಮಾಡಿದ್ದನ್ನು ನೀನು ಓದಿದೆ, ಬಾಯಿ ತೊಳೆದು ಬಂದು ಮುಗಿಸಿದೆ ಅಂತ ಬರೆದದ್ದು ನಿನ್ನ ಕಣ್ಣಿಗೆ ಬೀಳಲೇ ಇಲ್ಲವಾ? ನಿನ್ನ ಮೇಲೆ ನಿನಗೇ ಹೇಸಿಗೆ ಅಂತೆ. ಹೇಸಿಗೆ ಪಟ್ಟುಕೊಂಡು ಕೂತರೆ ಯಾವ ಗೂಡೂ ಚೊಕ್ಕಟ ಆಗುವುದಿಲ್ಲ. ಮಾರ್ಚ್ ಅಂತೆ. ಸಹಿ ಹಾಕಿ ಮೂರು ವಾರ ಆಯಿತಂತೆ. ಥೂ ನಿನ್ನ!

ಅಕ್ಕ


ಆಗಸ್ಟ್ ೨೭

ಅಕ್ಕಾ,

ನಾಲ್ಕನೇ ತಾರೀಕಿನ ನಿನ್ನ ಕಾಗದ ಹತ್ತೊಂಬತ್ತಕ್ಕೆ ಬಂತು. ಅಷ್ಟು ಹೊತ್ತಿಗೆ ಅಂಗಡಿಯವನು ಬಂದುಹೋಗಿರುತ್ತಾನೆ ಅಂತ ಲೆಕ್ಕ ಹಾಕಿದೆ. ನಿನ್ನೆ ಹದಿಮೂರರ ಕಾಗದ ಬರುವವರೆಗೆ ಊಟ ಸೇರಲಿಲ್ಲ. ಬೈದಿದ್ದೀಯ, ಸರಿಯಾಗೇ ಬೈದಿದ್ದೀಯ.

ಇದರ ಜೊತೆ ಇನ್ನೊಂದು ಕಾಗದ ಇಟ್ಟಿದ್ದೇನೆ. ಪೆನ್ಸಿಲಿನದು, ಮಡಿಕೆಯಲ್ಲಿ ಹರಿದಿದೆ, ಜೋಪಾನ. ಅಮ್ಮ ಹೋಗುವ ಎರಡು ತಿಂಗಳ ಮೊದಲು ನನಗೆ ಬರೆದದ್ದು. ಆರು ವರ್ಷ ನನ್ನ ಪೆಟ್ಟಿಗೆಯಲ್ಲೇ ಇತ್ತು. ನಿನಗೆ ಯಾಕೆ ತೋರಿಸಲಿಲ್ಲ ಅನ್ನುವುದು ಕೊನೆಯ ಸಾಲು ಓದಿದರೆ ಗೊತ್ತಾಗುತ್ತದೆ. ಆ ಸಾಲಿನ ನಾಚಿಕೆಗೆ ಉಳಿದ ಸಾಲುಗಳನ್ನೂ ಮುಚ್ಚಿಟ್ಟುಬಿಟ್ಟೆ. ಅದರಲ್ಲಿ ನಿನಗೆ ಬೇಕಾದದ್ದು ಇದೆ ಅಂತ, ನಿನ್ನ ನಾಲ್ಕನೇ ತಾರೀಕಿನ ಕಾಗದ ಓದುವವರೆಗೆ, ದೇವರಾಣೆ ನನಗೆ ಗೊತ್ತಿರಲಿಲ್ಲ.

ನಿನ್ನ ತಮ್ಮ

(ಜೊತೆಗಿದ್ದ ಕಾಗದ)

ಮಗಾ, ಕೈ ನಡುಗತ್ತೆ, ಅಕ್ಷರ ನೋಡಿ ನಗಬೇಡ. ನಿನ್ನ ಅಕ್ಕ ದಿನಕ್ಕೆ ನಾಕು ಸಲ ನನ್ನ ಬಟ್ಟೆ ಬದಲಾಯಿಸ್ತಾಳೆ. ಆಗ ಅವಳ ಮುಖ ನೀನು ನೋಡ್ಬೇಕು, ಹುಣಸೆಕಾಯಿ ಕಚ್ಚಿದ ಹಾಗಿರತ್ತೆ. ಬಾಯ್ತುಂಬ ಥೂ ಥೂ ಅಂತಾಳೆ. ನೀನು ಕೂಸಾಗಿದ್ದಾಗ ನಿನ್ನ ಬಟ್ಟೆ ಒಗೆಯೋವಾಗ್ಲೂ ಹಿಂಗೇ ಅಂತಿದ್ಲು, ಒಂದು ದಿನಾನೂ ಬಿಟ್ಟವಳಲ್ಲ. ನಂಗೆ ನಗು ತಡೆಯಕ್ಕಾಗಲ್ಲ. ನಕ್ಕಿದ್ದು ಕಂಡ್ರೆ ಬೈತಾಳೆ ಅಂತ ಗೋಡೆ ಕಡೆ ತಿರುಗ್ಕೊಂಡು ನಗ್ತೀನಿ. ಥೂ ಅಂತ ಕೇಳಿಸಿದ್ರೆ ಸಾಕು, ನಂಗೆ ಧೈರ್ಯ, ಇನ್ನೊಂದು ಗಳಿಗೆಗೆ ಮೈ ಒಣಗಿರತ್ತೆ ಅಂತ. ಅವಳ ಕೈಗೆ ಒಂದು ದಿನಾನೂ ಬಿಡುವಿಲ್ಲ. ನೀನು ಯಾವಾಗ ಬರ್ತೀಯ?


ಸೆಪ್ಟೆಂಬರ್ ೮

ತಮ್ಮಾ,

ಅಮ್ಮನ ಕಾಗದ ಸಿಕ್ಕಿತು. ಆರು ವರ್ಷ ಪೆಟ್ಟಿಗೆಯಲ್ಲಿಟ್ಟುಕೊಂಡು ಕೂತಿದ್ದೆಯಲ್ಲ, ನಿನ್ನಂಥ ಹೇಸಿಗೆಯವನನ್ನು ನಾನು ಕಂಡಿಲ್ಲ. ಆಪರೇಷನ್ ಕೋಣೆಯ ಬಕೆಟ್ಟಿನಲ್ಲೂ ಕಂಡಿಲ್ಲ. ಇದನ್ನು ಕ್ಯಾಂಪಿನಲ್ಲಿ ಎಲ್ಲರಿಗೂ ಓದಿ ಹೇಳು.

ನಗುತ್ತಿದ್ದಳಂತೆ. ಭುಜ ಅಲುಗಿದ್ದು ಅದಕ್ಕಂತೆ. ನಾನೂ ನಕ್ಕೆ. ಆಮೇಲೆ ಹಿತ್ತಿಲ ಕಟ್ಟೆಯ ಮೇಲೆ ಕೂತು ತುಂಬ ಹೊತ್ತು ಅತ್ತೆ. ಮುದುಕ ಬಂದು ಕೈ ನೆಕ್ಕಿದ. ಏನು ತಿಂದು ಬಂದಿದ್ದನೋ. ಒರೆಸಿಕೊಳ್ಳಲಿಲ್ಲ.

ಕಾಗದವನ್ನು ಇಸ್ತ್ರಿ ಮಾಡಿದೆ, ಕೆಳಗೊಂದು ಮೇಲೊಂದು ಬಟ್ಟೆ ಹಾಕಿ, ಬೆಚ್ಚಗಷ್ಟೇ. ಹರಿದ ಕಡೆ ದರ್ಜಿ ತೆಳ್ಳನೆ ಕಾಗದ ಅಂಟಿಸಿಕೊಟ್ಟ. ಅದು ಇನ್ನು ನನ್ನದು.

ಅಮ್ಮ ಕೇಳಿದ್ದಕ್ಕೆ ನೀನು ಉತ್ತರ ಬರೆದಿರಲಿಲ್ಲ ಅಂತ ಕಾಣುತ್ತದೆ. ಈಗ ನಾನು ಕೇಳುತ್ತಿದ್ದೇನೆ, ಯಾವಾಗ ಬರುತ್ತೀಯ? ಮಾರ್ಚ್ ಅಂತ ಸಹಿ ಹಾಕಿದ್ದರೆ ಮಾರ್ಚ್‌ಗೇ ಬಾ, ಆದರೆ ನಡುವೆ ನಾಲ್ಕು ದಿನ ರಜೆ ಹಾಕಿ ಬಾ. ಗೂಡು ಕೆರೆಯುವ ಸಲಿಕೆ ನಿನಗಾಗಿ ಕಾದಿದೆ. ಕೆರೆಯುವಾಗ ಥೂ ಅನ್ನಲು ನಿನಗೆ ಪೂರ್ತಿ ಸ್ವಾತಂತ್ರ್ಯ ಇದೆ. ಅಂಗಡಿಯವನು ಮತ್ತೆ ಬೇಲಿಯ ಹತ್ತಿರ ಬಂದಿದ್ದ. ಬೇಸಿನ್ನಿನ ನೀರು ಅವನ ಕಾಲ ಮೇಲೆ ಚೆಲ್ಲಿತು. ಇನ್ನು ಬರಲಾರ.

ಕೆಂಪು ಪಟ್ಟಿ ಬಿಚ್ಚಿ ಎಸೆದೆ. ಮೊಟ್ಟೆ ಮಾತ್ರ ಈಗಲೂ ನನಗೆ ಸೇರುವುದಿಲ್ಲ.

ಕಾಗದ ಇಲ್ಲಿಗೆ ನಿಲ್ಲಿಸುತ್ತೇನೆ. ನೀರು ಕಾದಿದೆ. ಕುಂಟಿ ಆಗಲೇ ಬಂದು ಹೊಸ್ತಿಲಲ್ಲಿ ಬೆನ್ನು ಮಾಡಿ ನಿಂತಿದ್ದಾಳೆ. ನಾನಿನ್ನೂ ಥೂ ಅಂದೇ ಇಲ್ಲ.

ನಿನ್ನ ಅಕ್ಕ